ಕಣ್ಣಾರೆ ಕಂಡರೂ ಸ್ಕೋರ್‌ಶೀಟ್ ನೋಡಿ

(ಅಮೆರಿಕದ ಕಾಲೇಜುಗಳಲ್ಲಿ ಓದುತ್ತಿರುವ ಕನ್ನಡದ ಮಕ್ಕಳು ಮತ್ತು ಅವರ ತಂದೆತಾಯಿಯರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಹಾಕಿ ಅಂದ ಕೂಡಲೇ ಇಲ್ಲಿರುವ ಹಿರಿಯರಿಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ. ನಾನು ಇವತ್ತು ಹೇಳುವುದು ಐಸ್ ಹಾಕಿಯ ಬಗ್ಗೆ. ಅದರಲ್ಲೂ ಇಲ್ಲಿನ ಕಾಲೇಜು ಹಾಕಿ, ಅದನ್ನು ವರದಿ ಮಾಡುವ ವಿದ್ಯಾರ್ಥಿ ಪತ್ರಿಕೆಗಳು, ಆ ವರದಿಗಳಲ್ಲಿ ನುಸುಳುವ ತಪ್ಪುಗಳು. ನಿಮ್ಮಲ್ಲಿ ಕೆಲವರು ಕಾಲೇಜು ಪತ್ರಿಕೆಗೆ ಬರೆಯುತ್ತಿದ್ದೀರಿ ಅಂತ ಗೊತ್ತಾಯಿತು. ಹಾಗಾಗಿ ಈ ವಿಷಯವನ್ನೇ ಆರಿಸಿಕೊಂಡೆ.

ಈ ಪತ್ರಿಕೆಗಳನ್ನು ಯಾರೂ ಹಗುರವಾಗಿ ನೋಡಬಾರದು. ಹಾರ್ವರ್ಡ್ ಕ್ರಿಮ್ಸನ್ ಶುರುವಾದದ್ದು 1873ರಲ್ಲಿ. ಕಾರ್ನೆಲ್ ಡೈಲಿ ಸನ್ 1880ರಲ್ಲಿ, ಮಿಶಿಗನ್ ಡೈಲಿ 1890ರಲ್ಲಿ. ಇವನ್ನು ನಡೆಸುವವರು ಹದಿನೆಂಟು, ಇಪ್ಪತ್ತು ವರ್ಷದ ಹುಡುಗ ಹುಡುಗಿಯರು. ಬೆಳಗ್ಗೆ ಕೆಮಿಸ್ಟ್ರಿ ಕ್ಲಾಸು, ರಾತ್ರಿ ಪಂದ್ಯದ ವರದಿ. ಪೇಟೆಯ ದೊಡ್ಡ ಪತ್ರಿಕೆಗಳಲ್ಲಿ ಕಾಲೇಜು ಹಾಕಿಗೆ ಸಿಗುವ ಜಾಗ ಅಷ್ಟಕ್ಕಷ್ಟೇ. ಫೈನಲ್ ಇದ್ದರೆ ಬರುತ್ತಾರೆ, ಇಲ್ಲದಿದ್ದರೆ ನಾಲ್ಕು ಸಾಲು. ನವೆಂಬರ್ ತಿಂಗಳ ಒಂದು ಸಾಮಾನ್ಯ ಶುಕ್ರವಾರ ರಾತ್ರಿ ಏನಾಯಿತು, ಯಾರು ಚೆನ್ನಾಗಿ ಆಡಿದರು, ಯಾರಿಗೆ ಪೆಟ್ಟಾಯಿತು ಅನ್ನುವುದೆಲ್ಲ ವಿವರವಾಗಿ ಸಿಗುವುದು ವಿದ್ಯಾರ್ಥಿ ಪತ್ರಿಕೆಯಲ್ಲಿ ಮಾತ್ರ. ಮುಂದೆ ಯಾರಾದರೂ ಆ ತಂಡದ ಕಥೆ ಬರೆಯಬೇಕಾದರೆ ಮೊದಲು ಹುಡುಕುವುದೂ ಅಲ್ಲೇ. ಕಾರ್ನೆಲ್ ಡೈಲಿ ಸನ್‌ನ ಹಳೆಯ ಸಂಚಿಕೆಗಳನ್ನು ಅಲ್ಲಿನ ಗ್ರಂಥಾಲಯ ಡಿಜಿಟಲ್ ಮಾಡಿ ಇಟ್ಟಿದೆ. ಮನೆಯಲ್ಲಿ ಕೂತು ಒಂದು ಹೆಸರು ಟೈಪ್ ಮಾಡಿದರೆ ಐವತ್ತು ವರ್ಷದ ಹಿಂದಿನ ಪುಟ ಎದುರಿಗೆ ಬರುತ್ತದೆ. ಅದರಲ್ಲಿದ್ದ ತಪ್ಪೂ ಜೊತೆಗೇ ಬರುತ್ತದೆ.

ಅಂದ ಹಾಗೆ, ಕಾರ್ನೆಲ್ ಇರುವ ಇತಾಕಾ ಊರಿನ ಲೈನಾ ರಿಂಕ್‌ನಲ್ಲಿ, ಅಂದರೆ ಅವರ ಐಸ್ ಹಾಕಿ ಅಂಗಳದಲ್ಲಿ, ಪತ್ರಿಕೆಗೂ ಹಾಕಿಗೂ ಇನ್ನೊಂದು ನಂಟಿದೆ. ಎದುರಾಳಿ ತಂಡದ ಆಟಗಾರರ ಹೆಸರು ಕೂಗುವಾಗ ಕಾರ್ನೆಲ್ ವಿದ್ಯಾರ್ಥಿಗಳು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ‘ನಿಮ್ಮ ಹೆಸರು ಕೇಳುವುದಕ್ಕಿಂತ ಪೇಪರ್ ಓದುವುದೇ ವಾಸಿ’ ಅಂತ ಅದರ ಅರ್ಥ. ನೋಡಲು ಬಹಳ ಚೆಂದ. ಆ ಪೇಪರ್‌ನ ಒಳಗೆ ಏನು ಬರೆದಿದೆ ಅನ್ನುವುದು ನನ್ನ ಇವತ್ತಿನ ವಿಷಯ.

ನಾನು ಗಮನಿಸಿದ ಪ್ರಕಾರ ಈ ತಪ್ಪುಗಳು ಸೋಮಾರಿತನದಿಂದ ಆಗುವುದು ಕಡಿಮೆ. ಕಣ್ಣಿಗೆ ಕಂಡದ್ದು ಒಂದು, ದಾಖಲೆಯಲ್ಲಿ ಇರುವುದು ಇನ್ನೊಂದು ಆದಾಗ ತಪ್ಪಾಗುತ್ತದೆ. ಪಂದ್ಯ ನೋಡಿದವನಿಗೆ ತಾನು ನೋಡಿದ್ದೇ ಸರಿ ಅನ್ನಿಸುತ್ತದೆ, ಅದು ಸಹಜ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮ ಹಿರಿಯರು ಹೇಳಿದ್ದು ಹಾಕಿ ವರದಿಗಾರರಿಗೆ ಹೇಳಿ ಮಾಡಿಸಿದಂತಿದೆ.

ಗಡಿಯಾರವನ್ನೇ ತಗೊಳ್ಳಿ. ಐಸ್ ಹಾಕಿಯಲ್ಲಿ ಇಪ್ಪತ್ತು ನಿಮಿಷದ ಮೂರು ಪೀರಿಯಡ್. ರಿಂಕ್‌ನ ಸ್ಕೋರ್‌ಬೋರ್ಡಿನಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತದೆ. 20:00ರಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ. ಆದರೆ ಅಧಿಕೃತ ಸ್ಕೋರ್‌ಶೀಟಿನಲ್ಲಿ ಬರೆಯುವುದು ಆ ಪೀರಿಯಡ್ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು. ಗೋಲಾದಾಗ ಬೋರ್ಡಿನ ಮೇಲೆ 5:33 ಇತ್ತು ಅಂದುಕೊಳ್ಳಿ. ಶೀಟಿನಲ್ಲಿ ಅದು 14:27. ವರದಿಗಾರ ನೋಟ್‌ಬುಕ್ಕಿನಲ್ಲಿ 5:33 ಅಂತ ಗೀಚಿಕೊಳ್ಳುತ್ತಾನೆ. ಮುಂದಿನ ಗೋಲು ಬೇಗನೇ ಆಗುತ್ತದೆ. ಕೂಗಾಟದಲ್ಲಿ ಸಮಯ ನೋಡುವುದೇ ಮರೆತುಹೋಗುತ್ತದೆ. ಆಮೇಲೆ ಶೀಟ್ ನೋಡಿ 15:10 ಅಂತ ಬರೆಯುತ್ತಾನೆ. ಮರುದಿನ ಪತ್ರಿಕೆಯಲ್ಲಿ ಮೊದಲ ಗೋಲು 5:33ಕ್ಕೆ, ಎರಡನೆಯದು 15:10ಕ್ಕೆ ಅಂತ ಬರುತ್ತದೆ. ಓದುವವರಿಗೆ ನಡುವೆ ಹತ್ತು ನಿಮಿಷ ಹೋಯಿತು ಅನ್ನಿಸುತ್ತದೆ. ನಿಜವಾಗಿ ಹೋದದ್ದು 43 ಸೆಕೆಂಡು. ಇಡೀ ಪಂದ್ಯ ತಿರುಗಿದ್ದೇ ಆ 43 ಸೆಕೆಂಡಿನಲ್ಲಿ ಇರಬಹುದು. ಎದುರಾಳಿಗಳು ಒಂದು ಗೋಲಿನ ಆಘಾತದಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಿತ್ತು ಅನ್ನುವ ಮುಖ್ಯ ಸಂಗತಿಯೇ ವರದಿಯಿಂದ ಮಾಯವಾಯಿತು. ಎರಡು ಅಂಕಿಗಳೂ ಎಲ್ಲಿಂದಲೋ ಸರಿಯಾಗಿಯೇ ಬಂದವು. ಆದರೆ ಒಂದು ಬೋರ್ಡಿನದು, ಒಂದು ಶೀಟಿನದು. ಹೀಗಾಗಿ ಎರಡನ್ನೂ ಬೆರೆಸಬೇಡಿ. ಶೀಟಿನ ಸಮಯವನ್ನೇ ಹಾಕಿ. ಬೋರ್ಡಿನ ಸಮಯ ಹೇಳಲೇಬೇಕಾದರೆ ‘ಪೀರಿಯಡ್ ಮುಗಿಯಲು ಇಷ್ಟು ಬಾಕಿ ಇದ್ದಾಗ’ ಅಂತ ಬಿಡಿಸಿ ಬರೆಯಿರಿ.

ಇನ್ನೊಂದು, ಗೆಲುವಿನ ಗೋಲು. 6–4ರಲ್ಲಿ ಪಂದ್ಯ ಮುಗಿಯಿತು. ಗೆಲುವಿನ ಗೋಲು ಯಾವುದು? ಕೊನೆಯದು ಅಂತ ಹೊಸಬರು ಬರೆಯುತ್ತಾರೆ. ಸ್ಕೋರನ್ನು 4–4ರಿಂದ 5–4 ಮಾಡಿದ್ದು ಅಂತ ಇನ್ನು ಕೆಲವರು ಹುಡುಕುತ್ತಾರೆ. ಲೆಕ್ಕದ ನಿಯಮ ಬೇರೆಯೇ ಇದೆ. ಸೋತ ತಂಡದ ಒಟ್ಟು ಗೋಲಿಗಿಂತ ಒಂದು ಜಾಸ್ತಿ ಮಾಡಿದ ಗೋಲು ಗೆಲುವಿನ ಗೋಲು. ಇಲ್ಲಿ ಗೆದ್ದ ತಂಡದ ಐದನೆಯದು. ಅದು ಬಿದ್ದಾಗ ಸ್ಕೋರ್ 5–1 ಇದ್ದಿರಬಹುದು. ಆಮೇಲೆ ಸೋತ ತಂಡ ಮೂರು ಹೊಡೆದಿರಬಹುದು. ಹೊಡೆದ ಹುಡುಗನಿಗೂ ಆಗ ಅದು ಗೆಲುವಿನ ಗೋಲು ಅಂತ ಗೊತ್ತಿರುವುದಿಲ್ಲ. ಪಂದ್ಯ ಮುಗಿದ ಮೇಲಷ್ಟೇ ಗೊತ್ತಾಗುವುದು. ಅದಕ್ಕೇ ಇದು ಕಣ್ಣಿನಿಂದ ನೋಡಿ ಬರೆಯುವ ವಿಷಯ ಅಲ್ಲ.

ಗೋಲ್‌ಕೀಪರ್‌ಗಳ ಅಂಕಿಅಂಶದಲ್ಲಿ ಅನ್ಯಾಯವೇ ಆಗುತ್ತದೆ, ಸುಮ್ನೆ ಹೇಳುತ್ತಿಲ್ಲ. ಪಕ್, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಗೋಲುಕಂಬಕ್ಕೆ ಬಡಿದು ಹೊರಗೆ ಹೋದರೆ ಅದು ‘ಶಾಟ್ ಆನ್ ಗೋಲ್’ (ಗೋಲಿಗೆ ಗುರಿಯಿಟ್ಟ ಹೊಡೆತ ಅಂತ ಲೆಕ್ಕಕ್ಕೆ ಬರುವುದು) ಅಲ್ಲ. ಎದುರಿನ ಆಟಗಾರ ಮೈಯೊಡ್ಡಿ ತಡೆದರೂ ಅಲ್ಲ. ಕೊನೆಯ ಎರಡು ನಿಮಿಷದಲ್ಲಿ ಗೋಲ್‌ಕೀಪರ್‌ನನ್ನು ಹೊರಗೆ ಕರೆಸಿ ಇನ್ನೊಬ್ಬ ದಾಳಿಗಾರನನ್ನು ಇಳಿಸುತ್ತಾರಲ್ಲ, ಆಗ ಖಾಲಿ ಗೋಲಿಗೆ ಬಿದ್ದದ್ದು ಅವನ ಲೆಕ್ಕಕ್ಕೆ ಬರುವುದಿಲ್ಲ. ತಂಡ 4–2ರಲ್ಲಿ ಸೋತಿತು, ಅದರಲ್ಲಿ ಒಂದು ಖಾಲಿ ಗೋಲಿಗೆ ಬಿದ್ದದ್ದು ಅಂದರೆ ಅವನು ಬಿಟ್ಟದ್ದು ಮೂರು. ‘ನಾಲ್ಕು ಗೋಲು ಬಿಟ್ಟ’ ಅಂತ ಬರೆದರೆ, ಆಗ ಬೆಂಚಿನ ಮೇಲೆ ಕೂತಿದ್ದವನ ತಲೆಗೆ ಒಂದು ಗೋಲು ಕಟ್ಟಿದ ಹಾಗಾಯಿತು. ಸರಾಸರಿ ತೆಗೆಯುವಾಗಲೂ ಅಷ್ಟೇ. ಪಂದ್ಯಗಳ ಸಂಖ್ಯೆಯಿಂದ ಭಾಗಿಸಬಾರದು, ಆಡಿದ ನಿಮಿಷಗಳಿಂದ 60 ನಿಮಿಷಕ್ಕೆ ಎಷ್ಟು ಅಂತ ತೆಗೆಯಬೇಕು. ಇಪ್ಪತ್ತು ನಿಮಿಷ ಆಡಿ ಒಂದು ಗೋಲು ಬಿಟ್ಟವನ ಸರಾಸರಿ 3.00, ಒಂದು ಅಲ್ಲ.

ಈಗ ಎಲ್ಲಕ್ಕಿಂತ ಗೋಜಲಾದ ಜಾಗಕ್ಕೆ ಬರೋಣ. ಸಮ ಆದ ಪಂದ್ಯ. 2020–21ರಿಂದ ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯ, ನಿಯಮದಂತೆ ಸಾಮಾನ್ಯ ಪಂದ್ಯ ಸಮ ಆದರೆ ಐದು ನಿಮಿಷದ ಓವರ್‌ಟೈಮ್, ಎರಡೂ ಕಡೆ ಮೂರು ಮೂರು ಆಟಗಾರರು. ಅದರಲ್ಲೂ ಗೋಲು ಬರದಿದ್ದರೆ ಪಂದ್ಯ ಸಮ. ಅದರ ಮೇಲೆ ಲೀಗ್‌ನವರು ತಮ್ಮ ಪಾಯಿಂಟ್ಸ್ ಪಟ್ಟಿಗೋಸ್ಕರ ಶೂಟೌಟ್ ಮಾಡಿಸಬಹುದು. ಶೂಟೌಟ್‌ನಲ್ಲಿ ಗೆದ್ದವರು ಕೋಲು ಮೇಲೆತ್ತಿ ಕುಣಿಯುತ್ತಾರೆ, ಪ್ರೇಕ್ಷಕರು ಎದ್ದು ನಿಲ್ಲುತ್ತಾರೆ. ಆದರೂ ತಂಡದ ಗೆಲುವು, ಸೋಲು, ಸಮದ ಲೆಕ್ಕದಲ್ಲಿ ಅದು ಸಮ ಅಂತಲೇ ಸೇರುತ್ತದೆ. ವರದಿಗಾರ ‘ಗೆದ್ದಿತು’ ಅಂತ ಬರೆದು ಕೆಳಗೆ ತಂಡದ ದಾಖಲೆಗೆ ಒಂದು ಗೆಲುವು ಸೇರಿಸಿಬಿಟ್ಟರೆ ಮುಂದಿನ ವಾರದಿಂದ ಎಲ್ಲ ಅಂಕಿಗಳೂ ತಪ್ಪು. ಒಂದು ತಪ್ಪು ಮಾರ್ಚ್ ತನಕ ಜೊತೆಗೇ ನಡೆಯುತ್ತದೆ.

ಇದಕ್ಕೊಂದು ಒಳ್ಳೆಯ ಉದಾಹರಣೆ 2020ರ ಬೀನ್‌ಪಾಟ್. ಬಾಸ್ಟನ್‌ನ ನಾಲ್ಕು ಕಾಲೇಜುಗಳ ಟೂರ್ನಿ ಅದು. ಬಾಸ್ಟನ್ ಯೂನಿವರ್ಸಿಟಿ, ಬಾಸ್ಟನ್ ಕಾಲೇಜ್, ಹಾರ್ವರ್ಡ್, ನಾರ್ತ್‌ಈಸ್ಟರ್ನ್. ಆ ವರ್ಷದ ಫೈನಲ್ ನಾರ್ತ್‌ಈಸ್ಟರ್ನ್ ಮತ್ತು ಬಾಸ್ಟನ್ ಯೂನಿವರ್ಸಿಟಿ ನಡುವೆ. ಪಂದ್ಯ ಮುಗಿಯಲು 1.2 ಸೆಕೆಂಡ್ ಇದ್ದಾಗ ಟ್ರೆವರ್ ಜೆಗ್ರಾಸ್ ಗೋಲು ಹೊಡೆದು 4–4 ಮಾಡಿದ. ಎರಡನೇ ಓವರ್‌ಟೈಮ್‌ನಲ್ಲಿ ಜೋರ್ಡನ್ ಹ್ಯಾರಿಸ್ ಹೊಡೆದ ಗೋಲಿನಿಂದ ನಾರ್ತ್‌ಈಸ್ಟರ್ನ್ ಕಪ್ ಗೆದ್ದಿತು, ಸತತ ಮೂರನೇ ಸಲ. ಕಪ್ ಎತ್ತಿದ್ದು ನಿಜ, ಗೋಲು ಹೊಡೆದದ್ದು ನಿಜ. ಆದರೆ ಆಗಿನ ನಿಯಮದಂತೆ ಮೊದಲ ಐದು ನಿಮಿಷದ ಓವರ್‌ಟೈಮ್ ದಾಟಿದ್ದರಿಂದ ಎನ್‌ಸಿಎಎ ಲೆಕ್ಕದಲ್ಲಿ ಆ ಪಂದ್ಯ ಸಮ. ಅಲ್ಲಿದ್ದ ಯಾವ ವಿದ್ಯಾರ್ಥಿಗೆ ಇದನ್ನು ಒಪ್ಪಲು ಮನಸ್ಸಾಗುತ್ತದೆ ಹೇಳಿ? ಆದರೂ ಎರಡನ್ನೂ ಬರೆಯಬೇಕು. ‘ಕಪ್ ಗೆದ್ದಿತು, ದಾಖಲೆಯಲ್ಲಿ ಪಂದ್ಯ ಸಮ ಎಂದು ಸೇರುತ್ತದೆ.’ ಒಂದು ವಾಕ್ಯ ಜಾಸ್ತಿ, ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಆ ರಾತ್ರಿಯೇ ಆಗುವ ತಪ್ಪುಗಳು. ನನಗೆ ಜಾಸ್ತಿ ಕಳವಳ ಇರುವುದು ಇನ್ನೊಂದು ಬಗೆಯ ಬಗ್ಗೆ. ಅದು ವರ್ಷದಿಂದ ವರ್ಷಕ್ಕೆ ಇಳಿದು ಬರುವ ತಪ್ಪು. ವರದಿಯ ನಡುವೆ ‘ಹಿನ್ನೆಲೆ’ ಅಂತ ಒಂದು ಪ್ಯಾರಾ ಇರುತ್ತದಲ್ಲ, ಅದನ್ನು ಹಳೆಯ ವರದಿಯಿಂದ ಎತ್ತಿ ಹಾಕುತ್ತಾರೆ. ನಾಲ್ಕು ವರ್ಷಕ್ಕೆ ಪತ್ರಿಕೆಯ ಬಳಗವೇ ಬದಲಾಗುತ್ತದೆ. ಮೊದಲು ಬರೆದವರು ಪದವಿ ಮುಗಿಸಿ ಎಲ್ಲೋ ಹೋಗಿರುತ್ತಾರೆ. ‘ಇದು ಎಲ್ಲಿಂದ ಬಂತು?’ ಅಂತ ಕೇಳಲು ಯಾರೂ ಇರುವುದಿಲ್ಲ. ಆ ಪ್ಯಾರಾದಲ್ಲಿ ‘ಮೊದಲ’, ‘ಏಕೈಕ’, ‘ಪ್ರತಿ ವರ್ಷ’ ಅಂತ ಕಂಡರೆ ನಿಲ್ಲಿ. ತಪ್ಪು ಅಡಗಿರುವುದು ಅಂಥ ಕಡೆಯೇ.

ಕಾರ್ನೆಲ್‌ನ 1969–70ರ ತಂಡ ಗೊತ್ತಲ್ಲ. 29 ಪಂದ್ಯ, 29 ಗೆಲುವು. ಸೋಲಿಲ್ಲ, ಸಮವೂ ಇಲ್ಲ. ತರಬೇತುದಾರ ನೆಡ್ ಹಾರ್ಕ್‌ನೆಸ್. ಲೇಕ್ ಪ್ಲಾಸಿಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಕ್ಲಾರ್ಕ್‌ಸನ್ ವಿರುದ್ಧ 6–4. ಡಾನ್ ಲಾಡ್‌ಬೋವಾ ಎಂಬ ಡಿಫೆನ್ಸ್ ಆಟಗಾರ ಮೂರನೇ ಪೀರಿಯಡ್‌ನಲ್ಲಿ ಮೂರು ಗೋಲು ಹೊಡೆದ. ಈ ತಂಡದ ಮಾತು ಬಂದಾಗಲೆಲ್ಲ ಜನ ಕೆನ್ ಡ್ರೈಡನ್ ಹೆಸರು ಸೇರಿಸಿಬಿಡುತ್ತಾರೆ. ಕಾರ್ನೆಲ್ ಗೋಲ್‌ಕೀಪರ್ ಅಂದರೆ ಡ್ರೈಡನ್, ಕಾರ್ನೆಲ್ ತಂಡ ಅಂದರೆ ಸೋಲಿಲ್ಲದ ತಂಡ, ಎರಡೂ ತಲೆಯಲ್ಲಿ ಅಂಟಿಕೊಂಡಿವೆ. ಆದರೆ ಡ್ರೈಡನ್ 1969ರಲ್ಲೇ ಪದವಿ ಮುಗಿಸಿ ಹೋಗಿದ್ದರು. ಅವರ ಕಾಲೇಜು ದಾಖಲೆ 76 ಗೆಲುವು, 4 ಸೋಲು, 1 ಸಮ. ಅವರು ಗೆದ್ದ ರಾಷ್ಟ್ರೀಯ ಪ್ರಶಸ್ತಿ 1967ರದು, ಬಾಸ್ಟನ್ ಯೂನಿವರ್ಸಿಟಿ ವಿರುದ್ಧ 4–1. ನಾಲ್ಕು ಸೋಲಿರುವ ಮನುಷ್ಯನಿಗೆ ಸೋಲಿಲ್ಲದ ವರ್ಷ ಕೊಡಬೇಕಾದ ಅಗತ್ಯವೇ ಇಲ್ಲ, ಅವರ ಕೀರ್ತಿ ಅವರಿಗೆ ಸಾಕಷ್ಟಿದೆ. ಇದರಲ್ಲಿ ಪೆಟ್ಟು ಬೀಳುವುದು ಬ್ರಯನ್ ಕ್ರಾಪರ್ ಅವರಿಗೆ. 1970ರಲ್ಲಿ ಗೋಲಿನ ಮುಂದೆ ನಿಂತವರು ಅವರು. ಆ ಸಾಧನೆಯನ್ನು ಮೊದಲೇ ಹೆಸರುವಾಸಿಯಾದವರಿಗೆ ಬರೆದುಕೊಟ್ಟರೆ ಕ್ರಾಪರ್ ಅವರಿಗೆ ಉಳಿಯುವುದೇನು?

ಡ್ರೈಡನ್ ವಿಷಯದಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. 1964ರಲ್ಲಿ ಎನ್‌ಎಚ್‌ಎಲ್ (ವೃತ್ತಿಪರ ಐಸ್ ಹಾಕಿ ಲೀಗ್) ಕ್ಲಬ್‌ಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವರನ್ನು ಆರಿಸಿಕೊಂಡದ್ದು ಬಾಸ್ಟನ್ ಬ್ರುಯಿನ್ಸ್. ಹಕ್ಕು ಆಮೇಲೆ ಮಾಂಟ್ರಿಯಲ್‌ಗೆ ಹೋಯಿತು. ಅವರು ಬಾಸ್ಟನ್‌ಗೆ ಆಡಲೇ ಇಲ್ಲ. ಆರಿಸಿಕೊಳ್ಳುವುದು ಬೇರೆ, ಒಪ್ಪಂದಕ್ಕೆ ಸಹಿ ಹಾಕುವುದು ಬೇರೆ. ಇವತ್ತಿಗೂ ಕಾಲೇಜು ತಂಡಗಳಲ್ಲಿ ಎನ್‌ಎಚ್‌ಎಲ್ ಕ್ಲಬ್‌ಗಳು ಆರಿಸಿಕೊಂಡ ಹುಡುಗರು ಎಷ್ಟೋ ಜನ ಇದ್ದಾರೆ. ‘ಸಹಿ ಹಾಕಿದ್ದಾನೆ’ ಅಂತ ಬರೆದರೆ ಆ ಹುಡುಗ ಇನ್ನೂ ಕಾಲೇಜಿಗೆ ಯಾಕೆ ಆಡುತ್ತಿದ್ದಾನೆ ಅನ್ನುವ ಪ್ರಶ್ನೆ ಏಳುತ್ತದೆ. ಹಾಗೆಯೇ ಹಾರ್ವರ್ಡ್, ಕಾರ್ನೆಲ್, ಯೇಲ್ ಆಟಗಾರರಿಗೆ ‘ಹಾಕಿ ಸ್ಕಾಲರ್‌ಶಿಪ್ ಸಿಕ್ಕಿದೆ’ ಅಂತ ಬರೆಯಬೇಡಿ. ಐವಿ ಲೀಗ್ ಕಾಲೇಜುಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ.

ಬೀನ್‌ಪಾಟ್ ‘ಪ್ರತಿ ವರ್ಷ ಫೆಬ್ರವರಿಯ ಮೊದಲ ಎರಡು ಸೋಮವಾರ’ ನಡೆಯುತ್ತದೆ ಅಂತ ಬರೆಯುತ್ತಾರೆ. ರೂಢಿ ಅದೇ. ಆದರೆ ಮೊದಲ ಬೀನ್‌ಪಾಟ್ ನಡೆದದ್ದು 1952ರ ಡಿಸೆಂಬರ್‌ನಲ್ಲಿ. 1978ರಲ್ಲಿ ಭಾರೀ ಹಿಮಪಾತವಾಗಿ ಫೈನಲ್ ಮಾರ್ಚ್ 1ಕ್ಕೆ ಹೋಯಿತು. 2021ರಲ್ಲಿ ಕೋವಿಡ್‌ನಿಂದ ನಡೆಯಲೇ ಇಲ್ಲ. ರಾಷ್ಟ್ರೀಯ ಟೂರ್ನಿಯ ಲೆಕ್ಕದಲ್ಲಿ 2020ರಲ್ಲೂ ಹಾಗೇ ಒಂದು ಗುಂಡಿ ಇದೆ. ಆ ವರ್ಷ ರ‍್ಯಾಂಕಿಂಗ್‌ನಲ್ಲಿ ಕಾರ್ನೆಲ್ ಪುರುಷರ ತಂಡ ಮೊದಲ ಸ್ಥಾನದಲ್ಲಿತ್ತು, ರಾಷ್ಟ್ರೀಯ ಟೂರ್ನಿ ರದ್ದಾಯಿತು. ಮೊದಲ ರ‍್ಯಾಂಕ್ ಅಂದರೆ ಚಾಂಪಿಯನ್ ಅಲ್ಲ. 2020ಕ್ಕೆ ಚಾಂಪಿಯನ್ ಯಾರೂ ಇಲ್ಲ.

ಹೋಬಿ ಬೇಕರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಾಲೇಜು ಹಾಕಿಯ ಅತ್ಯುತ್ತಮ ಪುರುಷ ಆಟಗಾರನಿಗೆ 1981ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರೆ. ಪ್ರಿನ್ಸ್‌ಟನ್‌ನಲ್ಲಿ ಆಡಿದವರು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ‘ಯುದ್ಧದಲ್ಲಿ ಹೋರಾಡುತ್ತಾ ಮಡಿದರು’ ಅಂತ ಒಂದು ಸಾಲು ಹೇಗೋ ಸೇರಿಕೊಂಡುಬಿಡುತ್ತದೆ. ಯುದ್ಧ ನಿಂತದ್ದು 1918ರ ನವೆಂಬರ್ 11ಕ್ಕೆ. ಬೇಕರ್ ತೀರಿಕೊಂಡದ್ದು ಡಿಸೆಂಬರ್ 21ಕ್ಕೆ, ಫ್ರಾನ್ಸಿನ ಟೂಲ್‌ನಲ್ಲಿ. ರಿಪೇರಿಯಾದ ವಿಮಾನವೊಂದನ್ನು ಪರೀಕ್ಷೆಗೆಂದು ಹಾರಿಸುವಾಗ ಅದು ನೆಲಕ್ಕಪ್ಪಳಿಸಿತು. ವಯಸ್ಸು 26. ಊರಿಗೆ ಮರಳಲು ಆದೇಶ ಬಂದಾಗಿತ್ತು. ನಿಜ ಸಂಗತಿಯೇ ಇಷ್ಟು ಸಂಕಟದ್ದಾಗಿರುವಾಗ ಅದರ ಮೇಲೆ ಇನ್ನೊಂದು ಕಥೆ ಹೊದಿಸುವುದು ಯಾಕೆ?

ಇನ್ನು ನನಗೆ ಬಹಳ ನೋವು ಕೊಡುವ ತಪ್ಪು. ‘ಕಾಲೇಜು ಹಾಕಿಯಲ್ಲಿ ಸೋಲು, ಸಮ ಎರಡೂ ಇಲ್ಲದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಏಕೈಕ ತಂಡ 1970ರ ಕಾರ್ನೆಲ್.’ ಕೇಳಲು ಸರಿಯಾಗಿದೆ ಅಲ್ವಾ? ಪುರುಷರ ಮೊದಲ ಡಿವಿಜನ್‌ನಲ್ಲಿ ಸರಿ. ಆದರೆ ಮಿನೆಸೋಟ ಮಹಿಳಾ ತಂಡ 2012–13ರಲ್ಲಿ 41 ಪಂದ್ಯ ಆಡಿ 41ನ್ನೂ ಗೆದ್ದಿತು. ಎರಡು ಸೀಸನ್ ದಾಟಿ ಮೂರನೆಯದಕ್ಕೆ ಹರಡಿದ ಅವರ ಸತತ ಗೆಲುವುಗಳ ಸಂಖ್ಯೆ 62. ಅಷ್ಟು ಹುಡುಗಿಯರ ಅಷ್ಟು ದುಡಿಮೆಯನ್ನು ಒಂದು ವಾಕ್ಯ ಒರೆಸಿಹಾಕುತ್ತದೆ. ಬರೆದವನಿಗೆ ಅವರ ಮೇಲೆ ದ್ವೇಷ ಇರಲಿಲ್ಲ. ಅವನ ಮನಸ್ಸಿನಲ್ಲಿ ಹಾಕಿ ಅಂದರೆ ಹುಡುಗರ ಹಾಕಿ, ಅಷ್ಟೇ. ಇದರ ಉಲ್ಟಾ ತಪ್ಪೂ ಇದೆ. ಮಹಿಳೆಯರಿಗೆ ಎನ್‌ಸಿಎಎ ಚಾಂಪಿಯನ್‌ಶಿಪ್ ಶುರುವಾದದ್ದು 2001ರಲ್ಲಿ. ಹಾರ್ವರ್ಡ್ ಮಹಿಳೆಯರು 1999ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು, ಆದರೆ ಅದು ಎನ್‌ಸಿಎಎ ನಡೆಸಿದ ಟೂರ್ನಿ ಅಲ್ಲ. ‘ಎನ್‌ಸಿಎಎ ಪ್ರಶಸ್ತಿ’ ಅಂತ ಬರೆದರೆ ತಪ್ಪು, ಬಿಟ್ಟೇಬಿಟ್ಟರೆ ಇನ್ನೂ ದೊಡ್ಡ ತಪ್ಪು. ‘1999ರ ರಾಷ್ಟ್ರೀಯ ಪ್ರಶಸ್ತಿ, ಎನ್‌ಸಿಎಎ ಟೂರ್ನಿ ಶುರುವಾಗುವ ಮೊದಲು’ ಅಂತ ಬರೆಯಿರಿ.

ಕೆಲವು ಸಲ ಬರೆದ ದಿನ ಸರಿ ಇದ್ದದ್ದು ಆಮೇಲೆ ಬದಲಾಗುತ್ತದೆ. 1973ರಲ್ಲಿ ಡೆನ್ವರ್ ಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ ಸೋತಿತು. ಆ ರಾತ್ರಿ ಡೆನ್ವರ್ ಎರಡನೇ ಸ್ಥಾನ ಅಂತ ಬರೆದವರದು ತಪ್ಪಲ್ಲ. ನಂತರ ಎನ್‌ಸಿಎಎ ಆ ಟೂರ್ನಿಯಲ್ಲಿ ಡೆನ್ವರ್ ಭಾಗವಹಿಸಿದ್ದನ್ನೇ ದಾಖಲೆಯಿಂದ ತೆಗೆದುಹಾಕಿತು. ಹಳೆಯ ವರದಿ ನೋಡಿ ಬರೆಯುವಾಗ ಈಗಿನ ದಾಖಲೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಇಂಥದೇ ಚಿಕ್ಕ ಮಟ್ಟದಲ್ಲಿ ವಾರ ವಾರವೂ ಆಗುತ್ತದೆ. ಪಕ್ ಯಾರ ಕೋಲಿಗೆ ಸವರಿ ಒಳಗೆ ಹೋಯಿತು ಅಂತ ಆಮೇಲೆ ವಿಡಿಯೊ ನೋಡಿ ಗೋಲು ಹೊಡೆದವರ ಹೆಸರು ಬದಲಿಸುತ್ತಾರೆ, ಅಸಿಸ್ಟ್ (ಗೋಲಿಗೆ ಪಾಸ್ ಕೊಟ್ಟವರ ಹೆಸರು) ಸೇರಿಸುತ್ತಾರೆ. ಕಾಲೇಜು ತಂಡಗಳು ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಆಡುತ್ತವೆ. ಹಾಗಾಗಿ ಸೋಮವಾರ ಬೆಳಗ್ಗೆ ಎರಡೂ ಸ್ಕೋರ್‌ಶೀಟ್‌ಗಳನ್ನು ಇನ್ನೊಂದು ಸಲ ತೆರೆದು ನೋಡಿ. ಹತ್ತು ನಿಮಿಷದ ಕೆಲಸ.

ತಪ್ಪು ಕಂಡರೆ ಕದ್ದುಮುಚ್ಚಿ ತಿದ್ದಬೇಡಿ. ಆನ್‌ಲೈನ್‌ನಲ್ಲಿ ಅಂಕಿ ಬದಲಿಸಿ ಸುಮ್ಮನಾಗುವುದು ಬಹಳ ಸುಲಭ. ಆದರೆ ಅಷ್ಟರಲ್ಲಿ ಯಾರೋ ಹಳೆಯ ಅಂಕಿಯನ್ನು ಎತ್ತಿಕೊಂಡಿರುತ್ತಾರೆ. ವರದಿಯ ಕೆಳಗೆ ಏನು ತಪ್ಪಿತ್ತು, ಯಾವತ್ತು ತಿದ್ದಿದೆವು ಅಂತ ಎರಡು ಸಾಲು ಹಾಕಿ. ಅಚ್ಚಿನ ಕಾಲದಲ್ಲಿ ತಿದ್ದುಪಡಿ ಬೇರೆ ದಿನದ ಬೇರೆ ಪುಟದಲ್ಲಿ ಬರುತ್ತಿತ್ತು. ಹಳೆಯ ವರದಿ ಹುಡುಕಿದವನ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ. ನಿಮಗೆ ಎರಡನ್ನೂ ಒಂದೇ ಕಡೆ ಇಡುವ ಅನುಕೂಲ ಇದೆ, ಬಳಸಿಕೊಳ್ಳಿ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಸೇರಿಸಿದ್ದೇನೆ.

ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು, ‘ಅಂಕಲ್, ನಾನು ಐಸ್ ಹಾಕಿ ಆಡಿದವಳಲ್ಲ, ಚಿಕ್ಕಂದಿನಿಂದ ನೋಡಿದವಳೂ ಅಲ್ಲ. ನನ್ನಂಥವಳು ಬರೆಯಬಹುದಾ?’ ಅಂತ ಕೇಳಿದಳು. ಖಂಡಿತ ಬರೆಯಮ್ಮ ಅಂದೆ. ಗೊತ್ತಿಲ್ಲ ಅಂತ ಗೊತ್ತಿರುವವರು ಕೇಳಿ ಬರೆಯುತ್ತಾರೆ. ತಂಡದ ಮಾಧ್ಯಮ ವಿಭಾಗದವರು ರಿಂಕ್‌ನಲ್ಲೇ ಇರುತ್ತಾರೆ. ಎರಡು ವಿರಾಮಗಳಲ್ಲಿ ಹೋಗಿ ‘ಆ ಗೋಲಿಗೆ ಅಸಿಸ್ಟ್ ಯಾರದು? ಆ ಪೆನಾಲ್ಟಿ ಯಾಕೆ ಕೊಟ್ಟರು?’ ಅಂತ ಕೇಳಿದರೆ ಹೇಳುತ್ತಾರೆ. ಹೆಸರಿನ ಸ್ಪೆಲ್ಲಿಂಗನ್ನೂ ಅವರ ಪಟ್ಟಿ ನೋಡಿಯೇ ಬರೆಯಬೇಕು. ನಮ್ಮ ಹೆಸರುಗಳನ್ನು ಇಲ್ಲಿನವರು ತಪ್ಪಾಗಿ ಬರೆದಾಗ ನಮಗೆ ಹೇಗಾಗುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಫಿನ್‌ಲೆಂಡ್‌ನಿಂದ, ಸ್ಲೊವಾಕಿಯಾದಿಂದ ಬಂದ ಆಟಗಾರನಿಗೂ ಹಾಗೇ ಆಗುತ್ತದೆ.

ಇನ್ನೊಬ್ಬ ಹುಡುಗ ಕೇಳಿದ್ದು ಕಷ್ಟದ ಪ್ರಶ್ನೆ. ಪತ್ರಿಕೆಯವನೂ ಆಟಗಾರನೂ ಒಂದೇ ಹಾಸ್ಟೆಲಿನಲ್ಲಿ ಇರುತ್ತಾರೆ. ‘ಆ ಅಸಿಸ್ಟ್ ನನ್ನದು, ಕೋಚ್ ಕೂಡ ಹಾಗೇ ಹೇಳಿದರು, ವರದಿಯಲ್ಲಿ ಬದಲಿಸು’ ಅಂತ ಅವನು ಬಂದು ಕೇಳಿದರೆ ಏನು ಮಾಡುವುದು? ನಾನು ಹೇಳಿದ್ದು ಇಷ್ಟು. ಅವನು ಹೇಳುವುದು ಸರಿಯೇ ಇರಬಹುದು. ಅಧಿಕೃತ ಸ್ಕೋರರ್‌ಗೆ ತಿಳಿಸಲು ಕೋಚ್‌ಗೆ ದಾರಿ ಇದೆ, ಅವರು ತಿಳಿಸಲಿ. ಶೀಟ್ ಬದಲಾದ ದಿನವೇ ನೀನು ವರದಿ ಬದಲಿಸು, ಕೆಳಗೆ ತಿದ್ದುಪಡಿ ಹಾಕು. ಅಲ್ಲಿಯವರೆಗೆ ಶೀಟಿನಲ್ಲಿ ಯಾರ ಹೆಸರಿದೆಯೋ ಅದೇ ಇರಲಿ. ಗೆಳೆಯ ಎರಡು ದಿನ ಮಾತು ಬಿಟ್ಟರೂ ಪರವಾಗಿಲ್ಲ, ಅದನ್ನು ಅವನಿಗೆ ಮುಖ ಕೊಟ್ಟೇ ಹೇಳು.